ದೀರ್ಘ ಬಿಟ್ಟು ಓದಿದ ದೆವ್ವ

ಹದಿಹರೆಯದ ಮಕ್ಕಳನ್ನು ಹೆದರಿಸುವ ದೆವ್ವದ ಕಥೆಗಳನ್ನು ನಾನು ಬರೆಯುತ್ತೇನೆ. ಹಗಲು ಅದೇ ವಯಸ್ಸಿನ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಎರಡರಲ್ಲಿ ಯಾವುದಕ್ಕೆ ಮಕ್ಕಳು ಹೆಚ್ಚು ಹೆದರುತ್ತಾರೆ ಎಂದು ಯಾರಾದರೂ ತಮಾಷೆಗೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಉತ್ತರ ನನಗೆ ಗೊತ್ತಿದೆ.

ಕರ್ನಾಟಕದ ಗಡಿ ದಾಟಿದರೆ ಸಿಗುವ ಜಹೀರಾಬಾದಿನಲ್ಲಿ ನಾನಿರುವುದು ಒಂದು ಮನೆಯ ಮಹಡಿಯ ಮೇಲೆ. ಕೆಳಗೆ ಮನೆ ಮಾಲೀಕರ ಸಂಸಾರ. ಶಾಲೆಯಿಂದ ಬಂದು, ಚಹಾ ಕುದಿಸಿಕೊಂಡು, ಅಡುಗೆಮನೆಯ ಕಿಟಕಿಯ ಪಕ್ಕ ಮೇಜಿಗೆ ಕೂತರೆ ಕುಕ್ಕರ್ ಇಡುವ ಹೊತ್ತಿನವರೆಗೆ ಬರೆಯುತ್ತೇನೆ. ಬರೆದ ಮಾತುಗಳನ್ನು ಗಟ್ಟಿಯಾಗಿ ಹೇಳಿ ನೋಡುವುದು ನನ್ನ ಅಭ್ಯಾಸ. ಹುಡುಗಿಯ ದನಿ ಒಂದು, ಮುದುಕಿಯ ದನಿ ಒಂದು, ದೆವ್ವದ್ದು ಇನ್ನೊಂದು. ಹೊಸದಾಗಿ ಬಂದಾಗ ಒಂದು ಸಂಜೆ ಮಾಲೀಕರ ಹೆಂಡತಿ ಕೆಳಗಿನಿಂದಲೇ ಕೂಗಿ ಕೇಳಿದರು, "ಕಿಸ್ ಸೆ ಬಾತಾಂ ಕರ್‌ರೈಂ ಟೀಚರಮ್ಮಾ?" ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು. ರೇಡಿಯೋ ಎಂದೆ. ಮರುವಾರ ಮತ್ತೆ ಕೇಳಿದಾಗ ಸುಳ್ಳು ಹೇಳಲು ಬೇಜಾರಾಗಿ, ಸೈತಾನನ ಕಥೆ ಬರೆಯುತ್ತೇನೆ, ಅವನ ಮಾತನ್ನು ಹೇಳಿ ನೋಡುತ್ತಿದ್ದೆ ಎಂದೆ. ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಒಂದು ತಾಯಿತ ತೂಗುತ್ತಿತ್ತು. ಅದು ನನ್ನನ್ನು ಕಾಯಲೋ, ನನ್ನಿಂದ ಅವರನ್ನು ಕಾಯಲೋ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಮನೆಯಲ್ಲಿ ಒಬ್ಬರೇ ಇದ್ದು ಇಂಥದನ್ನೆಲ್ಲ ಬರೆಯುತ್ತೀರಿ, ಹೆದರಿಕೆ ಆಗುವುದಿಲ್ಲವೆ ಎಂದು ಎಲ್ಲರೂ ಕೇಳುತ್ತಾರೆ. ಹೆದರಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂಬ ಅನುಮಾನವಾದರೂ ಬರಬೇಕು. ನನಗೆ ಅದು ಬರುವುದಿಲ್ಲ. ಬೆಳಿಗ್ಗೆ ನಾನು ಇಟ್ಟುಹೋದ ಚಹಾದ ಕಪ್ಪು ಸಂಜೆ ಅಲ್ಲೇ ಇರುತ್ತದೆ. ಒಣಹಾಕಿದ ಟವೆಲ್ಲು ಹಾಕಿದ ಹಾಗೇ ಇರುತ್ತದೆ. ಒಂದು ದಿನವಾದರೂ ಆ ಕಪ್ಪು ಒಂದು ಗೇಣು ಆಚೆ ಸರಿದಿದ್ದರೆ ಹೆದರಿಕೆಗಿಂತ ಮೊದಲು ನನಗೆ ಸಂತೋಷವೇ ಆಗುತ್ತಿತ್ತೋ ಏನೋ. ನನಗೆ ಒಂಟಿ ಅನ್ನಿಸುತ್ತದೆ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಮದುವೆ ಆಗಲಿಲ್ಲ, ಯಾಕೆ ಎನ್ನುವುದು ಯಾರಿಗೂ ಬೇಡದ ಸುದ್ದಿ. ಅವ್ವ ಇರುವವರೆಗೆ ನನ್ನ ಜೊತೆಯಲ್ಲೇ ಇದ್ದಳು. ಆಕೆ ಹೋದ ಮೇಲೆ ಈ ಮಹಡಿಗೆ ಬಂದೆ, ಇಲ್ಲಿ ಕನ್ನಡದಲ್ಲಿ ಮಾತಾಡುವವರು ನಾನು ಬರೆದ ದೆವ್ವಗಳು ಮಾತ್ರ.

ಅವ್ವನಿಂದಲೇ ಇದೆಲ್ಲ ಶುರುವಾದದ್ದು. ನಾರಾಯಣಖೇಡದಲ್ಲಿ ಅಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಗಲ್ಲಿಯಲ್ಲಿ ಉರ್ದು. ಅವ್ವ ಬೀದರ ಕಡೆಯವಳು, ಕನ್ನಡ ಶಾಲೆಯಲ್ಲಿ ಒಂದಷ್ಟು ಇಯತ್ತೆ ಓದಿದವಳು. ನಮ್ಮನ್ನು ಅಪ್ಪ ತೆಲುಗು ಶಾಲೆಗೆ ಹಾಕಿದ. ಅವ್ವ ಮಧ್ಯಾಹ್ನ ಪಡಸಾಲೆಯ ಕಲ್ಲುಹಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ಕನ್ನಡ ಅಕ್ಷರ ಬರೆದು ತಿದ್ದಿಸುತ್ತಿದ್ದಳು. ನಾನು ತಿದ್ದಿದೆ. ತಮ್ಮ ಗೋಲಿ ಆಡಲು ಓಡಿಹೋದ. ಆ ಓಟಕ್ಕೆ ಮುಂದೆ ನಾನು ಎಷ್ಟು ಮರುಗಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಕ್ಕಿಯೋ ಬೇಳೆಯೋ ಆರಿಸುತ್ತ ಅವ್ವ ಕಥೆ ಹೇಳುತ್ತಿದ್ದಳು. ದೆವ್ವ ಎಂಬ ಮಾತನ್ನು ಆಕೆ ಬಾಯಿಗೇ ತರುತ್ತಿರಲಿಲ್ಲ. "ಅದು" ಎನ್ನುತ್ತಿದ್ದಳು. "ಅದು ಬಂತು. ಬಂದು ಕಟ್ಟಿ ಮ್ಯಾಲ ಕೂತ್ತು. ಯಾರೂ ಮಾತಾಡಿಸ್ಲಿಲ್ಲ ಅದಕ್ಕ." ಇಷ್ಟೇ. ಹಲ್ಲಿಲ್ಲ, ಉಗುರಿಲ್ಲ, ರಕ್ತವಿಲ್ಲ. ಮೊರದ ಮೇಲೆ ಕೈ ಆಡುತ್ತಲೇ ಇರುತ್ತಿತ್ತು. ನಾನು ಆಕೆಯ ಸೆರಗಿನ ತುದಿ ಹಿಡಿದುಕೊಂಡು ಕೂತಿರುತ್ತಿದ್ದೆ. ತೆಲುಗಿನಲ್ಲಿ ನಾನು ಲೆಕ್ಕ ಹೇಳಿಕೊಡಬಲ್ಲೆ, ಚೌಕಾಸಿ ಮಾಡಬಲ್ಲೆ, ಹೆಡ್ಮಾಸ್ತರ ಜೊತೆ ಜಗಳಾಡಬಲ್ಲೆ. ಹೆದರುವುದು ಮಾತ್ರ ನನಗೆ ಕನ್ನಡದಲ್ಲೇ ಬರುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತೇನೆ.

ಬರೆದದ್ದನ್ನು ಬೆಂಗಳೂರಿನ ಒಬ್ಬ ಪ್ರಕಾಶಕರು ಅಚ್ಚು ಹಾಕುತ್ತಾರೆ. ಲೇಖಕರ ಪ್ರತಿಗಳು ಎಂದು ಒಂದು ಕಟ್ಟು ಬರುತ್ತದೆ. ಜಹೀರಾಬಾದಿನಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ, ಓದುವ ಮನೆ ಹುಡುಕಬೇಕು. ಮಕ್ಕಳಂತೂ ಇಂಗ್ಲಿಷು, ತೆಲುಗು ಕಲಿತವರು. ಆದರೂ ಪುಸ್ತಕ ಮನೆಯಲ್ಲಿಟ್ಟುಕೊಂಡು ಏನು ಮಾಡಲಿ? ನೆಂಟರಿಗೆ ಕೊಡುತ್ತ ಹೋದೆ. ರಾಯಿಕೋಡಿನಲ್ಲಿ ನಮ್ಮ ದೊಡ್ಡಪ್ಪನ ಮಗ ಅದನ್ನು ಫ್ರಿಜ್ಜಿನ ಕುಂಟು ಕಾಲಿನ ಕೆಳಗೆ ಇಟ್ಟಿದ್ದಾನೆ. ಅದು ಎಷ್ಟೋ ಪಾಲು ಮೇಲು. ಕಲ್ಹೇರಿನ ಒಬ್ಬ ಸೋದರಮಾವನ ಮನೆಯಲ್ಲಿ ಅದು ದೇವರ ಜಗುಲಿಯ ಮೇಲಿತ್ತು. ದಿನಾ ಲಿಂಗಪೂಜೆ ಆದ ಮೇಲೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದರು. ಆ ಮನೆಯಲ್ಲಿ ಕನ್ನಡ ಅಕ್ಷರ ಎಂದರೆ ವಚನ, ಬೇರೆ ಏನೂ ಇರಲು ಸಾಧ್ಯವಿಲ್ಲ. ಮುಖಪುಟದ ಮೇಲೆ ಕೂದಲು ಕೆದರಿಕೊಂಡು ನಿಂತ ದೆವ್ವದ ಚಿತ್ರವಿತ್ತಲ್ಲ, ಯಾರೋ ಶರಣೆ ಇರಬೇಕು ಎಂದುಕೊಂಡಿದ್ದರಂತೆ. ನಾನು ನಿಜ ಹೇಳಲಿಲ್ಲ. ನನ್ನ ದೆವ್ವಕ್ಕೆ ಎಲ್ಲೋ ಒಂದು ಕಡೆ ದಿನಾ ಯಾರಾದರೂ ಕೈಮುಗಿಯುತ್ತಿದ್ದರೆ ಮುಗಿಯಲಿ.

ಓದುವವರು ಇಲ್ಲವೆಂದಲ್ಲ. ಶಿವಮೊಗ್ಗದಿಂದ, ಮೈಸೂರಿನಿಂದ ಎಂಟನೇ ಒಂಬತ್ತನೇ ತರಗತಿಯ ಮಕ್ಕಳು ತಂದೆತಾಯಿಯ ಮೊಬೈಲಿನಿಂದ ಬರೆಯುತ್ತಾರೆ. ಒಬ್ಬ ಹುಡುಗ ಕೇಳಿದ್ದ, "ಮೇಡಂ, ತಾಂಡೂರು ಅನ್ನೋ ಊರು ನಿಜವಾಗಲೂ ಇದೆಯಾ?" ಅವನಿಗೆ ದೆವ್ವದ ಬಗ್ಗೆ ಅನುಮಾನವಿರಲಿಲ್ಲ, ಊರಿನ ಬಗ್ಗೆ ಇತ್ತು. ನಾನು ನಕ್ಕೆ. ಆಮೇಲೆ ಅಡುಗೆ ಮಾಡುವ ಮನಸ್ಸಾಗಲಿಲ್ಲ, ಅವಲಕ್ಕಿ ತಿಂದು ಮಲಗಿದೆ.

ತಾಂಡೂರಿನ ಕಥೆ ನನ್ನ ಕಥೆಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು. ಈಗಿನ ಮಕ್ಕಳನ್ನು ಹೆದರಿಸುವುದು ಸುಲಭವಲ್ಲ. ರಕ್ತ, ಕಿತ್ತ ಕಣ್ಣು, ತಿರುಗಿದ ಪಾದ ಇವನ್ನೆಲ್ಲ ಅವರು ಊಟ ಮಾಡುತ್ತ ಮೊಬೈಲಿನಲ್ಲಿ ನೋಡುತ್ತಾರೆ. ಅವರ ಹೆದರಿಕೆ ಬೇರೆ ಕಡೆ ಇದೆ. ನಾಲ್ಕು ಜನ ಗೆಳತಿಯರು ಮಾತಾಡುತ್ತಿರುತ್ತಾರೆ, ನೀನು ಹತ್ತಿರ ಬಂದ ಕೂಡಲೆ ಮಾತು ನಿಲ್ಲುತ್ತದೆ. ಎಲ್ಲರೂ ಇರುವ ವಾಟ್ಸಾಪ್ ಗುಂಪೊಂದು ಇದೆ, ಅದರಲ್ಲಿ ನೀನಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡು ಯಾರ ಪಕ್ಕ ಕೂರಲಿ ಎಂದು ನಿಂತ ಹುಡುಗಿಯ ಮುಖವನ್ನು ನಾನು ವರ್ಷಕ್ಕೆ ಒಬ್ಬಳಲ್ಲ ಒಬ್ಬಳಲ್ಲಿ ನೋಡುತ್ತೇನೆ. ದೆವ್ವ ಕಂಡವರ ಮುಖ ಅದಕ್ಕಿಂತ ಬೆಳ್ಳಗೆ ಇರಲಾರದು. ಅದನ್ನೇ ಹಿಡಿದು ಬರೆದೆ.

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಸಿಗುತ್ತದೆ, ಫರ್ಸಿ ಎನ್ನುತ್ತೇವೆ. ಕಲ್ಲು ತೆಗೆದು ಬಿಟ್ಟುಹೋದ ಖಣಿಗಳಲ್ಲಿ ಮಳೆಯ ನೀರು ನಿಂತು ಹಸಿರಾಗಿರುತ್ತದೆ. ನನ್ನ ಕಥೆಯಲ್ಲಿ ನಾಲ್ಕು ಜನ ಹುಡುಗಿಯರು ಟ್ಯೂಷನ್ ಮುಗಿಸಿ ಅಂಥ ಒಂದು ಖಣಿಯ ದಂಡೆಯ ಮೇಲೆ ಕೂತು ಶೇಂಗಾ ತಿನ್ನುತ್ತಾರೆ. ಒಂದು ದಿನ ಪಾಲು ಮಾಡಿದರೆ ಒಂದು ಪಾಲು ಕಡಿಮೆ ಬೀಳುತ್ತದೆ. ಎಣಿಸಿದರೆ ಐದು ಜನ. ಒಬ್ಬೊಬ್ಬರ ಮುಖ ನೋಡುತ್ತಾರೆ, ಎಲ್ಲವೂ ಗೊತ್ತಿದ್ದ ಮುಖವೇ. ಎಲ್ಲರ ಹೆಸರೂ ಗೊತ್ತು, ಎಲ್ಲರೂ ಮೊದಲಿನಿಂದ ಇದ್ದವರೇ. ಆದರೂ ಐದು. ಕಥೆಯ ಕೊನೆಯಲ್ಲಿ ಹೊತ್ತು ಮುಳುಗುವಾಗ ಧೈರ್ಯ ಮಾಡಿ ಕೇಳುತ್ತಾರೆ, ನಮ್ಮಲ್ಲಿ ಹೆಚ್ಚಿಗೆ ಬಂದವರು ಯಾರು ಎಂದು. ಆಗ ಒಬ್ಬಳು ಹೇಳುತ್ತಾಳೆ. ನಾನು ಬರೆದದ್ದು ಹೀಗೆ: "ನೀವ್ ನಾಕ್ ಮಂದಿ. ನಾ ಬ್ಯಾರೆ."

ಬೆಂಗಳೂರಿನಿಂದ ಸಂಪಾದಕಿ ಫೋನ್ ಮಾಡಿದಳು. ಚಿಕ್ಕ ವಯಸ್ಸಿನವಳು, ಬಹಳ ನಯ. "ಮೇಡಂ, 'ಬ್ಯಾರೆ' ಅಂದ್ರೆ ಮಕ್ಕಳಿಗೆ ಅರ್ಥ ಆಗಲ್ಲ. 'ನಾನು ಬೇರೆ' ಅಂತ ಮಾಡೋಣ್ವಾ?"

"ಯಾವ ಮಕ್ಕಳಿಗೆ?" ಎಂದೆ.

"ನಮ್ಮ ಮಕ್ಕಳಿಗೆ ಮೇಡಂ."

ಜಗಳ ಬಾಯಿಯ ತನಕ ಬಂತು. ಆದರೆ ನಮ್ಮ ಮಕ್ಕಳು ಎಂದು ತೋರಿಸಲು ನನ್ನ ಹತ್ತಿರ ಯಾರಿದ್ದರು? ಮಾಡಿ ಎಂದೆ. ಪುಸ್ತಕ ಅಚ್ಚಾಗಿ ಬಂದಾಗ ತಾಂಡೂರಿನ ಖಣಿಯ ದೆವ್ವ ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿತ್ತು. "ನೀವು ನಾಲ್ವರು. ನಾನು ಬೇರೆ."

ತಮ್ಮ ಈಗ ಇರುವುದು ತಾಂಡೂರಿನಲ್ಲೇ. ಕಲ್ಲು ಕೊಯ್ದು ಹೊಳಪು ಕೊಡುವ ಒಂದು ಸಣ್ಣ ಕಾರ್ಖಾನೆ ಅವನದು, ಮನೆ ಅದರ ಹಿಂದೆ. ಅವನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ರಜೆಗೆ ನಮ್ಮ ಮನೆಗೆ ಬಂದರೆ ಅವ್ವನ ಕಥೆಗಳನ್ನು ನನ್ನ ಬಾಯಿಂದ ಕೇಳುತ್ತಿದ್ದಳು. ಕೇಳಿ ನನ್ನ ಹೊಟ್ಟೆಯಲ್ಲಿ ಮುಖ ಹುದುಗಿಸುತ್ತಿದ್ದಳು. ಈಗ ಒಂಬತ್ತನೇ ತರಗತಿ, ಉದ್ದನೆಯ ಹುಡುಗಿ, ಕಿವಿಗೆ ಸದಾ ಇಯರ್‌ಫೋನು. ಖಣಿಯ ಕಥೆಯ ಹುಡುಗಿಯರು ನಡೆಯುವ ದಾರಿ ಅವಳು ದಿನಾ ಶಾಲೆಗೆ ಹೋಗುವ ದಾರಿ. ಬರೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ಇದ್ದವಳು ಅವಳೇ.

ಬೇಸಿಗೆಯಲ್ಲಿ ಪುಸ್ತಕ ತೆಗೆದುಕೊಂಡು ಹೋಗಿ ಕೈಯಲ್ಲಿಟ್ಟೆ. ತಿರುಗಿಸಿ ನೋಡಿದಳು.

"ಅತ್ತಿ, ನಂಗ ಕನ್ನಡ ಓದಾಕ ಬರಂಗಿಲ್ರಿ."

ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅವಳ ಬಾಯಿಂದ ಕೇಳಲು ನಾನು ತಯಾರಿರಲಿಲ್ಲ. ಅವಳಿಗೆ ನನ್ನ ಮುಖ ನೋಡಿ ಕೆಡುಕೆನಿಸಿರಬೇಕು. "ನೀವ್ ಬಾಯಿಲೆ ಹೇಳ್ರಿ, ಕೇಳ್ತೀನಿ" ಎಂದಳು.

"ಇಲ್ಲ. ಓದೋದಿದ್ರ ಓದು, ಇಲ್ಲಂದ್ರ ಬಿಡು."

ಇದು ಕೊಬ್ಬಲ್ಲ. ಬಾಯಿಂದ ಹೇಳಿದರೆ ನನ್ನ ಕಣ್ಣು, ನನ್ನ ದನಿ ಅರ್ಧ ಕೆಲಸ ಮಾಡುತ್ತವೆ. ನಾನು ಎದುರಿಗೆ ಇಲ್ಲದಾಗ, ಎಲ್ಲೋ ದೂರ ಇದ್ದಾಗ, ನಾನು ಬರೆದ ಒಂದು ಸಾಲು ಅವಳ ಬೆನ್ನ ಮೇಲೆ ಕೈ ಇಡಬೇಕು. ಅದಕ್ಕೇ ಅಲ್ಲವೆ ಬರೆಯುವುದು? ತಮ್ಮ ಕಾರ್ಖಾನೆಯಿಂದ ಮೈತುಂಬ ಬಿಳಿ ಧೂಳು ಹೊತ್ತುಕೊಂಡು ಬಂದವನು ನಮ್ಮ ಮಾತು ಕೇಳಿ ನಕ್ಕ. "ಅಕ್ಕಾ, ಸುಮ್ಮ ತೆಲುಗಿನಾಗ ಬರಿ ನೀ. ನಾಕ್ ಮಂದಿರೆ ಓದ್ತಾರ." ಅವನಿಗೆ ಗೋಲಿ ಆಡಿದ ಮಧ್ಯಾಹ್ನಗಳನ್ನು ನೆನಪಿಸೋಣ ಎನ್ನಿಸಿತು. ವೈನಿ ಊಟಕ್ಕೆ ಕರೆದಳು ಎಂದು ಬಿಟ್ಟೆ. ತಮ್ಮನ ಹೆಂಡತಿ ನನಗಿಂತ ಚಿಕ್ಕವಳಾದರೂ ನಾನು ವೈನಿ ಎಂದೇ ಕರೆಯುತ್ತೇನೆ.

ಆ ಮಳೆಗಾಲದಲ್ಲಿ ಸಂಪಾದಕಿ ಮುಂದಿನ ಪುಸ್ತಕ ಕೇಳಿದಳು. ದಸರೆ ಆದ ಮೇಲೆ ಹೇಳುತ್ತೇನೆ ಎಂದೆ. ಮನಸ್ಸಿನಲ್ಲಿ ಆಗಲೇ ಬರೆಯುವುದನ್ನು ಬಿಡುವ ಯೋಚನೆ ಬಂದಿತ್ತು. ಸಿಟ್ಟಿನಿಂದಲ್ಲ, ಸಾಕಾಗಿತ್ತು. ಗೋಡೆಗೆ ಕೇಳಿಸುವ ಹಾಗೆ ಮೂರು ದನಿಯಲ್ಲಿ ಮಾತಾಡುವುದು ಸಾಕಾಗಿತ್ತು. ತಾಂಡೂರಿನ ತಮ್ಮನ ಮಗಳೊಬ್ಬಳಾದರೂ ಓದಿ ಹೆದರಿದರೆ ಇನ್ನೊಂದು ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ನನಗೆ ನಾನೇ ಷರತ್ತು ಹಾಕಿಕೊಂಡೆ. ಅವಳು ಓದುವುದಿಲ್ಲ ಎಂದು ಗೊತ್ತಿದ್ದೇ ಹಾಕಿಕೊಂಡ ಷರತ್ತು ಅದು. ಮೇಜಿನ ಮೇಲಿನ ಹಾಳೆಗಳನ್ನೆಲ್ಲ ತೆಗೆದು ಒಳಗಿಟ್ಟೆ. ಸಂಜೆ ಚಹಾ ಕುಡಿದು ಸುಮ್ಮನೆ ಕೂರತೊಡಗಿದೆ. ಒಂದು ದಿನ ಮಾಲೀಕರ ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕು, ಮೈ ಹುಷಾರಿದೆಯೆ, ಈಚೆಗೆ ಮೇಲೆ ದನಿಯೇ ಇಲ್ಲವಲ್ಲ ಎಂದು ವಿಚಾರಿಸಿದರು. ಹುಷಾರಿದ್ದೇನೆ ಎಂದು ಹೇಳಿ ಬೇಗ ಮೇಲೆ ಬಂದುಬಿಟ್ಟೆ.

ದಸರೆ ರಜೆ ಶುರುವಾದಾಗ ಫೋನು ಬಂತು.

"ಅತ್ತಿ, ಓದೀನ್ರಿ."

"ಏನು?"

"ನಿಮ್ ಪುಸ್ತಕ. ಖಣಿ ಕಥಿ. ಪೂರಾ."

ತೆಲುಗು ಬರುವವರಿಗೆ ಕನ್ನಡ ಅಕ್ಷರ ಪೂರ್ತಿ ಪರಕೀಯವಲ್ಲ. ಅಕ್ಕತಂಗಿಯರ ಮುಖ ಹೋಲುವ ಹಾಗೆ ಹೋಲುತ್ತವೆ. ತಲೆಕಟ್ಟು ಒಂದಿಷ್ಟು ಭಿನ್ನ, ಕೆಲವು ಅಕ್ಷರ ಮಾತ್ರ ಕೈಕೊಡುತ್ತವೆ. ಹಾಗೆ ಕೈಕೊಟ್ಟ ಅಕ್ಷರಗಳನ್ನು ಅವಳು ತಾಂಡೂರಿನ ಬಸ್ ಸ್ಟ್ಯಾಂಡಿನಲ್ಲಿ ಕಲಿತಿದ್ದಳು. ಅಲ್ಲಿಗೆ ಕರ್ನಾಟಕದ ಬಸ್ಸುಗಳು ಬರುತ್ತವೆ. ಚಿಂಚೋಳಿ, ಸೇಡಂ ಎಂದು ಬೋರ್ಡು ಇರುತ್ತದೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು, ಆದ್ದರಿಂದ ಬರೆದದ್ದು ಏನು ಎಂದೂ ಗೊತ್ತು. ಶಾಲೆಯಿಂದ ಬರುವಾಗ ನಿಂತು ನೋಡಿ, ಮನೆಗೆ ಬಂದು ಪುಸ್ತಕದಲ್ಲಿ ಹುಡುಕುವುದು. ಬೇಸಿಗೆಯಿಂದ ದಸರೆಯ ತನಕ ಇದನ್ನೇ ಮಾಡಿದ್ದಳು, ಯಾರಿಗೂ ಹೇಳಿರಲಿಲ್ಲ.

"ಹೆದರಿಕಿ ಆತೇನು?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬರ್ರಿ, ಹೇಳ್ತೀನಿ."

ಮಾರನೆಯ ದಿನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೂವು ಬಿಟ್ಟ ತೊಗರಿ ಹೊಲಗಳು. ತಾಂಡೂರು ಹತ್ತಿರ ಬಂದ ಹಾಗೆ ರಸ್ತೆಯ ಎರಡೂ ಬದಿ ಫರ್ಸಿಯ ಚಪ್ಪಡಿಗಳನ್ನು ಓರೆಯಾಗಿ ಸಾಲಾಗಿ ನಿಲ್ಲಿಸಿರುತ್ತಾರೆ, ಗಿಡದ ಎಲೆಯ ಮೇಲೂ ಬಿಳಿ ಧೂಳು. ಯಾವತ್ತೂ ಆ ಧೂಳಿಗೆ ಮೂಗು ಮುಚ್ಚಿಕೊಂಡು ಬೈಯುವವಳು ನಾನು. ಅವತ್ತು ಕಿಟಕಿ ತೆಗೆದೇ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತೆಲುಗಿನಲ್ಲಿ ನನ್ನನ್ನು ಬೈದಳು.

ಹಬ್ಬಕ್ಕೆಂದು ಕಾರ್ಖಾನೆಗೆ ರಜೆ. ಕಲ್ಲು ಕೊಯ್ಯುವ ಸದ್ದಿಲ್ಲದೆ ಆ ಮನೆಯನ್ನು ನಾನು ನೋಡಿಯೇ ಇರಲಿಲ್ಲ. ಊಟವಾದ ಮೇಲೆ ಹಿತ್ತಲ ಕಡೆಯ ಕಟ್ಟೆಯ ಮೇಲೆ ನೆರಳಲ್ಲಿ ಇಬ್ಬರೂ ಕೂತೆವು. ಓದಿ ತೋರಿಸುತ್ತೇನೆ ಎಂದಳು. ಓದು ಎಂದೆ.

ಬೆರಳಿಟ್ಟುಕೊಂಡು ಓದಿದಳು. ಒಂದೊಂದು ಅಕ್ಷರ ಕೂಡಿಸಿ, ಪದ ಸಿಕ್ಕಿದ ಕೂಡಲೆ ಖುಷಿಯಿಂದ ಅದನ್ನು ಇನ್ನೊಮ್ಮೆ ಹೇಳಿ, ಮುಂದಕ್ಕೆ. ಬೇಲಿಗೆ "ಬೆಲಿ" ಎಂದಳು. ಕೋಣೆಗೆ "ಕೊಣೆ" ಎಂದಳು. ಮೇಲೆ "ಮೆಲೆ" ಆಯಿತು. ಎಲ್ಲವೂ ಮೊಟಕು. ಹೊಸದಾಗಿ ಓದುವವರು ಹೀಗೇ ಎಂದುಕೊಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ತಪ್ಪು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಜಹೀರಾಬಾದಿನ ಅಡುಗೆಮನೆಯಲ್ಲಿ ನಾನೊಬ್ಬಳೇ ಹೇಳಿ ನೋಡಿದ್ದ ಮಾತುಗಳು ಇನ್ನೊಬ್ಬರ ಬಾಯಿಂದ ಬರುತ್ತಿದ್ದವು. ನನಗೆ ಅಳು ಬರುತ್ತಿತ್ತು. ಅಳಬಾರದೆಂದು ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ನೋಡುತ್ತ ಕೂತೆ.

ಕೊನೆಯ ಪುಟ ಬಂತು. ಹೊತ್ತು ಮುಳುಗುತ್ತಿದೆ, ಹುಡುಗಿಯರು ಕೇಳುತ್ತಾರೆ, ಹೆಚ್ಚಿಗೆ ಬಂದವರು ಯಾರು. ಅವಳು ದನಿ ತಗ್ಗಿಸಿ ಓದಿದಳು, "ನಿವು ನಾಲ್ವರು. ನಾನು ಬೆರೆ."

ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, "ಪಾಪ ರಿ ಅತ್ತಿ" ಎಂದಳು.

"ಯಾರು ಪಾಪ?"

"ಆಕಿ. ಬೆರೀಲೇನು ಅಂತ ಕೇಳಾಕ ಹೋಗ್ಯಾಳ. ನಿಮ್ ಸಂಗಾಟ ನಾನೂ ಬೆರೀಲೇನು ಅಂತ. ಬಾಯಿ ಬಂದಿಲ್ಲ, ಅರ್ಧಕ್ಕ ನಿಂತಾಳ. ಅಲ್ಲೇ ಕಥಿ ನಿಲ್ಲಿಸೀರಿ ನೀವು. ಅದು ಭಾಳ ಮಸ್ತ್ ಅದ. ನಂಗ ಅಳೂನೇ ಬಂತು ಓದಿ."

ನಾನು ಅವಳನ್ನೇ ನೋಡಿದೆ. ಎಷ್ಟೋ ತಿಂಗಳು ಕೂತು ಹೊಸೆದ ಹೆದರಿಕೆ. ಆ ಕೊನೆಯ ಸಾಲಿಗೆ ಬಂದವರ ಕೈಕಾಲು ತಣ್ಣಗಾಗಲಿ ಎಂದು ಒಂದೊಂದು ಪದ ತೂಗಿ ಇಟ್ಟದ್ದು. ಅದನ್ನು ಓದಿ ಈ ಹುಡುಗಿ ದೆವ್ವಕ್ಕೆ ಪಾಪ ಎನ್ನುತ್ತಿದ್ದಾಳೆ. ಮೊದಲು ಸಿಟ್ಟು ಬಂತು, ಅವಳ ಮೇಲಲ್ಲ, ಬೆಂಗಳೂರಿನ ಮೇಲೆ. ಬ್ಯಾರೆ ಎಂದು ನಾನು ಬರೆದ ಹಾಗೇ ಬಿಟ್ಟಿದ್ದರೆ ತಾಂಡೂರಿನ ಯಾವ ಹುಡುಗಿಗೂ ಈ ತಪ್ಪು ಆಗುತ್ತಿರಲಿಲ್ಲ. ಬೇರೆ ಎಂಬ ಪದವನ್ನು ಅವಳು ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬ್ಯಾರೆ, ಅವಳಿಗೆ ಗೊತ್ತಿದ್ದದ್ದು ಬೆರೆಯುವುದು. ಎರಡರ ನಡುವೆ ಸಿಕ್ಕಿದ್ದನ್ನು ತೆಗೆದುಕೊಂಡಳು.

ಹಾಗೇ ಬಿಟ್ಟುಬಿಡಬಹುದಿತ್ತು. ಬಿಡಬೇಕೆಂದು ಮನಸ್ಸೂ ಆಯಿತು. ಆದರೆ ಇಷ್ಟು ವರ್ಷ ಮಕ್ಕಳ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದ ಕೈ ನನ್ನದು, ಸುಮ್ಮನಿರಲು ಬರುವುದಿಲ್ಲ. ಪುಸ್ತಕ ತೆಗೆದುಕೊಂಡು ಆ ಪದದ ಮೇಲೆ ಬೆರಳಿಟ್ಟೆ.

"ಇಲ್ಲಿ ಬಾಜೂಕ ಒಂದು ಕೊಕ್ಕೆ ಅದ, ನೋಡು."

"ಹೌದ್ರಿ. ಪುಸ್ತಕದ ತುಂಬ ಅವ. ಅಚ್ಚು ಹಾಕೋರು ಮಸಿ ಚೆಲ್ಯಾರ ಅನ್ಕೊಂಡಿದ್ದೆ."

"ಅದು ದೀರ್ಘ." ತ, ನ, ಬ ಯಾವುದಾದರೂ ಇರಲಿ, ತೆಲುಗಿನಲ್ಲಿ ಎಳೆದು ಹೇಳುವಾಗ ತಲೆಯ ಮೇಲಿನ ಗುರುತೇ ಬದಲಾಗುತ್ತದೆ, ಕನ್ನಡದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬಿಟ್ಟು ಪಕ್ಕದಲ್ಲಿ ಈ ಕೊಕ್ಕೆ ಇಡುತ್ತಾರೆ ಎಂದು ವಿವರಿಸಿದೆ. ಬಸ್ಸಿನ ಬೋರ್ಡಿನಲ್ಲೂ ಇದು ಇರುತ್ತದೆ, ಊರಿನ ಹೆಸರು ಮೊದಲೇ ಗೊತ್ತಿದ್ದದ್ದರಿಂದ ನೀನು ನೋಡಿಲ್ಲ ಎಂದೆ. ಅವಳು ಜಾಣೆ, ಅರ್ಧ ಹೇಳುವಷ್ಟರಲ್ಲಿ ಹಿಡಿದಳು.

"ಹಂಗಾರ ಇದು ಬೆ ಅಲ್ಲ, ಬೇ. ಬೇರೆ. ಬೇರೆ ಅಂದ್ರ?"

"ನಾವು ಬ್ಯಾರೆ ಅಂತೀವಲ್ಲ, ಅದೇ."

ಅವಳು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಯಾರಿಗೋ ಹೇಳುವ ಹಾಗೆ, ನನ್ನ ಕಡೆ ನೋಡದೆ, ಗಟ್ಟಿಯಾಗಿ ಹೇಳಿದಳು. ಪುಸ್ತಕದಲ್ಲಿದ್ದ ಹಾಗಲ್ಲ.

"ನೀವ್ ನಾಕ್ ಮಂದಿ. ನಾ ಬ್ಯಾರೆ."

ನಾನು ಹಸ್ತಪ್ರತಿಯಲ್ಲಿ ಬರೆದದ್ದು ಅಕ್ಷರಕ್ಕೆ ಅಕ್ಷರ ಅದೇ. ಅವಳು ಅದನ್ನು ನೋಡಿರಲಿಲ್ಲ, ನೋಡಲು ಸಾಧ್ಯವೂ ಇರಲಿಲ್ಲ. ನನ್ನ ತೋಳಿನ ಕೂದಲು ನಿಂತವು. ಅವ್ವನ ಮೊರದ ಮುಂದೆ ಕೂತಾಗ ಆಗುತ್ತಿದ್ದದ್ದು ಅಷ್ಟು ವರ್ಷದ ಮೇಲೆ ಮತ್ತೆ ಆಯಿತು. ನನ್ನ ಕಥೆಗೆ ನಾನೇ ಹೆದರಿದೆ, ಹಗಲು ಹೊತ್ತಿನಲ್ಲಿ, ತಮ್ಮನ ಮನೆಯ ಹಿತ್ತಲಲ್ಲಿ.

"ಈಗರೆ ಹೆದರಿಕಿ ಆತೇನು?" ಎಂದು ಕೇಳಿದೆ.

ಅವಳು ಯೋಚನೆ ಮಾಡಿದಳು. ನನ್ನ ಸಮಾಧಾನಕ್ಕೆ ಹೌದು ಎನ್ನಬಹುದಿತ್ತು, ಆ ವಯಸ್ಸಿನವರಿಗೆ ಅದು ತಿಳಿಯುವುದಿಲ್ಲ.

"ಇಲ್ರಿ."

ಷರತ್ತಿನ ಪ್ರಕಾರ ಮುಗಿಯಿತು ಎಂದುಕೊಂಡೆ. ಇನ್ನು ಬಸ್ಸಿನ ಹೊತ್ತು ನೋಡಬೇಕು. ಎದ್ದು ಸೀರೆ ಕೊಡವಿಕೊಂಡೆ. ಆಗ ಅವಳು ಕೇಳಿದಳು, "ಅತ್ತಿ, ಇದನ್ನ ಬರೆಯೂ ಹೊತ್ತಿನಾಗ ಮನ್ಯಾಗ ಯಾರಿದ್ರು?"

"ಯಾರಿರ್ತಾರ? ಯಾರೂ ಇಲ್ಲ."

"ಓದಿದ್ರ ಗೊತ್ತಾಗ್ತದ."

ನಾಲ್ಕು ಜನ ಹುಡುಗಿಯರ ಕಥೆ ಬರೆದಿದ್ದೇನೆ, ತರಗತಿಯಲ್ಲಿ ಕಂಡದ್ದನ್ನು ಬರೆದಿದ್ದೇನೆ ಎಂದೇ ನಾನು ತಿಳಿದಿದ್ದೆ. ದೀರ್ಘ ಬಿಟ್ಟು ಓದಿದವಳು ದೀರ್ಘ ಹಾಕಿ ಬರೆದವಳಿಗಿಂತ ಮುಂದೆ ಹೋಗಿ ನಿಂತಿದ್ದಳು. ಮತ್ತೆ ಕೂತೆ. ಕಣ್ಣೀರು ಬಂತು, ಈ ಸಲ ಬಟ್ಟೆಗಳ ಕಡೆ ನೋಡಲಿಲ್ಲ. ಅವಳು ಗಾಬರಿಯಾಗಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಪಕ್ಕದಲ್ಲಿ ಕಾಲು ಆಡಿಸುತ್ತ ಕೂತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ, "ಮುಂದಿನ ಕಥ್ಯಾಗ ಆಕಿಗಿ ಬೆರಸ್ಕೋಳ್ರಿ" ಎಂದಳು.

ಮೂಗು ಒರೆಸಿಕೊಂಡೆ. ಕಸುಬಿನ ಮಾತು ಬಂದರೆ ನನ್ನ ಅಳು ನಿಲ್ಲುತ್ತದೆ. "ಬೆರಸ್ಕೊಂಡ್ರ ಹೆದರಿಕಿ ಎಲ್ಲಿ ಉಳೀತದ? ಕಥಿನೇ ಮುಗೀತದ ಅಲ್ಲ."

"ಹೆಂಗ ಮುಗೀತದ್ರಿ? ಕತ್ತಲಾತು. ಐದೂ ಮಂದಿ ಎದ್ದು ಮನಿಗಿ ಹೊಂಟಾರ. ನಾಕ್ ಮಂದಿಗಿ ಅವರವರ ಮನಿ ಅದ." ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. "ಆಕಿ ಯಾರ ಮನಿಗಿ ಹೋಗ್ತಾಳ?"

ಇಷ್ಟು ವರ್ಷ ಬರೆದೂ ನನಗೆ ಹೊಳೆಯದ ಹೆದರಿಕೆ ಅದು. ಮುಂದಿನ ಪುಸ್ತಕ ಪೂರ್ತಿ ಆ ಒಂದು ಪ್ರಶ್ನೆಯಲ್ಲಿತ್ತು. ಕತ್ತಲಲ್ಲಿ ನಡೆಯುವ ಐದು ಜೊತೆ ಕಾಲು, ಒಂದೊಂದೇ ಮನೆಯ ಬಾಗಿಲು ಮುಚ್ಚುವುದು, ಕೊನೆಯ ಬಾಗಿಲ ಮುಂದೆ ಇನ್ನೂ ಇಬ್ಬರು ಉಳಿದಿರುವುದು, ಎಲ್ಲ ನನಗೆ ಕಂಡಿತು. ನಾನು ನಿಜವಾಗಿ ಹೆದರಿಯೇ ಕೇಳಿದೆ, "ಯಾರ ಮನಿಗಿ?"

ಅವಳು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತಳು.

"ನಮ್ ಮನಿಗಿ ಬರ್ಲಿ. ಇವತ್ತ ಬಸ್ಸಿಗಿ ಹೋಗಬ್ಯಾಡ್ರಿ ಅತ್ತಿ."